ಇಪ್ಪತ್ತೆರಡು ಸೆಕೆಂಡಿನ ಮಾಲೀಕರು

ಕುದುರೆಯೊಂದು ಅಗತ್ಯಕ್ಕಿಂತ ವೇಗವಾಗಿ ಓಡಿತೆಂಬ ಕಾರಣಕ್ಕೆ ಅದರ ಮಾಲೀಕರಿಗೆ ನೋಟಿಸು ಕೊಟ್ಟ ಕತಾರಿನ ಏಕೈಕ ಕನ್ನಡ ಸಂಸ್ಥೆ ನಮ್ಮದು. 2007ರಲ್ಲಿ ನಡೆದ ಈ ಘಟನೆಯ ಬಗ್ಗೆ ಊರಿನಲ್ಲಿ ಇಲ್ಲಸಲ್ಲದ ಮಾತು ಹಬ್ಬಿರುವುದರಿಂದ, ಕರಾವಳಿ ಬಾಂಧವರ ಸಮನ್ವಯ ವೇದಿಕೆಯ ಪ್ರಚಾರ ಕಾರ್ಯದರ್ಶಿಯಾದ ನಾನು ನಡೆದದ್ದನ್ನು ನಡೆದಂತೆಯೇ ತಿಳಿಸುತ್ತಿದ್ದೇನೆ. ನನಗೆ ಯಾರ ಮೇಲೂ ಕೋಪವಿಲ್ಲ. ಕೋಪಿಸಿಕೊಳ್ಳಲು ಪ್ರಚಾರ ಕಾರ್ಯದರ್ಶಿಗೆ ನಿಯಮಾವಳಿಯಲ್ಲಿ ಅವಕಾಶವೂ ಇಲ್ಲ.

ಕುದುರೆಯ ಮಾಲೀಕರು ಶ್ರೀ ತಾರಾನಾಥ. ದೋಹಾದ ಬಿನ್ ಒಮ್ರಾನಿನಲ್ಲಿ ಸೋಫಾ, ಕಾರಿನ ಸೀಟು ಹೊಲಿಯುವ ಅಂಗಡಿ ಇಟ್ಟವರು. ಅಮೆರಿಕದ ಎಂಜಿನಿಯರನೊಬ್ಬ ತನ್ನ ಕುದುರೆಯ ಜೀನನ್ನು ಅವರ ಹತ್ತಿರವೇ ರಿಪೇರಿ ಮಾಡಿಸುತ್ತಿದ್ದ. ಕೆಲಸ ಮುಗಿದು ದೇಶಕ್ಕೆ ಹೊರಟಾಗ, ಈ ಕುದುರೆಯ ಮೇಲೆ ಪ್ರೀತಿ ಇರುವುದು ನಿನಗೊಬ್ಬನಿಗೇ ಎಂದು ಹೇಳಿ ಅಗ್ಗಕ್ಕೆ ಕೊಟ್ಟು ಹೋದ. ಹೆಣ್ಣು ಕುದುರೆ, ಹೆಸರು ರೂಬಿ, ಕ್ವಾರ್ಟರ್ ಹಾರ್ಸ್ ಎಂಬ ತಳಿ. ಈ ತಳಿಯವು ಓಡುವುದು ಕಾಲು ಮೈಲಿ ಮಾತ್ರ. ಆದರೆ ಆ ಕಾಲು ಮೈಲಿಯಲ್ಲಿ ಬೇರೆ ಯಾವ ಕುದುರೆಯೂ ಅವುಗಳ ಹತ್ತಿರ ಸುಳಿಯುವುದಿಲ್ಲ. ರೂಬಿಗೆ ಇಪ್ಪತ್ತೆರಡು ಸೆಕೆಂಡು ಸಾಕಾಗುತ್ತಿತ್ತು.

ತಾರಾನಾಥರ ತಂದೆ ಕಂಬಳದಲ್ಲಿ ಬದುಕಿಡೀ ಬೇರೆಯವರ ಕೋಣ ಓಡಿಸಿದವರು. ಮೈಕಿನಲ್ಲಿ ಬರುತ್ತಿದ್ದುದು ಕೋಣದ ಯಜಮಾನರ ಮನೆತನದ ಹೆಸರು. ಕೆಸರಿನಲ್ಲಿ ಓಡಿದವನ ಹೆಸರನ್ನು ಆ ಕಾಲದಲ್ಲಿ ಯಾರೂ ಕೇಳುತ್ತಿರಲಿಲ್ಲ. ಹಾಗಾಗಿ ತಾರಾನಾಥರಿಗೆ ಇದ್ದ ಆಸೆ ಒಂದೇ. ತನ್ನ ಪ್ರಾಣಿ ಓಡಬೇಕು, ಮೈಕಿನಲ್ಲಿ ತನ್ನ ಹೆಸರು ಬರಬೇಕು. ಊರಂಚಿನ ಮುಐದರಿನ ಒಂದು ಲಾಯದಲ್ಲಿ ರೂಬಿಯನ್ನು ಕಟ್ಟಿ, ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಹೋಗಿ ಮೈ ತಿಕ್ಕಿ ಬರುತ್ತಿದ್ದರು. "ನನ್ನ ತಲೆ ನೋವಾದ್ರೆ ಒಂದು ಪೆನಡಾಲ್ ತಂದುಕೊಡ್ಲಿಕ್ಕೆ ಇವರಿಗೆ ಪುರುಸೊತ್ತಿಲ್ಲ," ಎಂದು ಅವರ ಹೆಂಡತಿ ಜಲಜಾಕ್ಷಿಯಕ್ಕ ಹೇಳುತ್ತಿದ್ದರು. ಹಾಗೆ ಹೇಳಿ, ಕುದುರೆಗೆಂದು ಕ್ಯಾರೆಟ್ಟನ್ನೂ ಕಟ್ಟಿ ಕೊಡುತ್ತಿದ್ದರು.

ಅಷ್ಟರಲ್ಲಿ ಊರ ಹೊರಗಿನ ಖಾಸಗಿ ಮೈದಾನವೊಂದರಲ್ಲಿ ಕಾಲು ಮೈಲಿಯ ಪ್ರದರ್ಶನ ಓಟ ಘೋಷಣೆಯಾಯಿತು. ಹೊರದೇಶದವರು ಭಾಗವಹಿಸಬೇಕಾದರೆ ಯಾವುದಾದರೂ ಸಂಘದ ಪತ್ರ ಬೇಕು ಎಂಬ ನಿಯಮವಿತ್ತು. ತಾರಾನಾಥರು ವೆಸ್ಟ್ ಬೇಯಲ್ಲಿ ವಿಮಾ ಕಂಪನಿಯ ಮ್ಯಾನೇಜರರಾಗಿದ್ದ ನಮ್ಮ ಅಧ್ಯಕ್ಷ ರೊನಾಲ್ಡರ ಕಚೇರಿಗೆ ಹೋದರು.

"ಲೆಟರ್ ಕೊಡುವ ಮಾರಾಯ್ರೆ, ಅದಕ್ಕೆಂತ," ಎಂದರು ಅಧ್ಯಕ್ಷರು. "ಆದ್ರೆ ಲೆಟರ್‌ಹೆಡ್ ವೇದಿಕೆಯದ್ದು, ಕುದುರೆ ಮಾತ್ರ ನಿಮ್ಮದು ಅಂದ್ರೆ ಜನ ಎಂತ ಹೇಳಿಯಾರು?"

"ಎಂತ ಹೇಳ್ತಾರೆ?"

"ಎಂತಾದ್ರೂ ಹೇಳ್ತಾರೆ. ನಮ್ಮವರ ಬಾಯಿ ನಿಮಗೆ ಗೊತ್ತಿಲ್ವಾ?"

ಹೀಗೆ ಜನರ ಬಾಯಿಗೆ ಬೀಳಬಾರದೆಂಬ ಒಂದೇ ಉದ್ದೇಶದಿಂದ ವೇದಿಕೆಯ ಕಾರ್ಯಕಾರಿ ಸಮಿತಿಯವರೆಲ್ಲರೂ ರೂಬಿಯ ಮಾಲೀಕರಾದರು. ಗೌರವಾಧ್ಯಕ್ಷರು, ಅಧ್ಯಕ್ಷರು, ಮೂವರು ಉಪಾಧ್ಯಕ್ಷರು, ಮಹಿಳಾ ಘಟಕ, ಯುವ ಘಟಕ, ಕ್ರೀಡಾ ಘಟಕ, ಕ್ರೀಡಾ ಘಟಕದಿಂದ ಮುನಿಸಿಕೊಂಡು ಬೇರೆಯಾದವರ ಕ್ರೀಡಾ ಘಟಕ, ನಿಕಟಪೂರ್ವ ಅಧ್ಯಕ್ಷರು, ಅವರಿಗೂ ನಿಕಟಪೂರ್ವರು. ಮಾಲೀಕತ್ವಕ್ಕೆ ಹಣ ಕೊಡಬೇಕೆಂಬ ಸಂಕುಚಿತ ಷರತ್ತನ್ನು ಇಡಲಿಲ್ಲ. ಮೇವು, ಲಾಳ, ಔಷಧಿಯ ಜವಾಬ್ದಾರಿಯನ್ನು ಅನುಭವದ ಆಧಾರದಲ್ಲಿ ತಾರಾನಾಥರಿಗೇ ವಹಿಸಲಾಯಿತು. ಅವರು ಸಾಮಾನ್ಯ ಸದಸ್ಯರಾದ ಕಾರಣ ಶಿಷ್ಟಾಚಾರದ ಪ್ರಕಾರ ಅವರ ಹೆಸರು ಪಟ್ಟಿಯ ಕೊನೆಗೆ ಬಂತು.

ಹೆಸರುಗಳನ್ನು ಘೋಷಿಸುವ ಹೊಣೆ ಕ್ಲೈವ್ ಅವರದು. ದೋಹಾದಲ್ಲಿ ನಮ್ಮವರ ಮದುವೆ, ಮುಂಜಿ, ಕ್ರಿಸ್ಮಸ್, ಗಣೇಶೋತ್ಸವ ಯಾವುದೇ ಇರಲಿ, ನಿರೂಪಣೆ ಅವರದೇ. ಆದರೆ ಮೈದಾನದ ವ್ಯವಸ್ಥಾಪಕ ತಕರಾರು ತೆಗೆದ. ಓಟಕ್ಕೆ ಮೊದಲು ಮೈಕ್ ಹಾಕಿದರೆ ಕುದುರೆಗಳು ಬೆದರುತ್ತವೆ, ಓಟ ಮುಗಿದ ಮೇಲೆ ಅರಬ್ಬಿ ಕಾರ್ಯಕ್ರಮವಿದೆ. ಗೇಟು ತೆರೆದಲ್ಲಿಂದ ಕುದುರೆ ಗುರಿ ಮುಟ್ಟುವ ತನಕ ಮೈಕ್ ನಿಮ್ಮದು, ಆಮೇಲೆ ಖಲಾಸ್, ಎಂದ.

ಕ್ಲೈವ್ ಗಡಿಯಾರ ಇಟ್ಟುಕೊಂಡು ಪಟ್ಟಿಯನ್ನು ಓದಿ ನೋಡಿದರು. ನಾಲ್ಕು ನಿಮಿಷ ಹಿಡಿಯಿತು. ತುರ್ತು ಸಭೆ ಕರೆಯಲಾಯಿತು.

"ಹೆಸರು ಮಾತ್ರ ಓದುವ, ಖ್ಯಾತ ಉದ್ಯಮಿ, ಕೊಡುಗೈ ದಾನಿ, ಅದೆಲ್ಲ ಬಿಡುವ," ಎಂದು ನಾನೇ ಸೂಚಿಸಿದೆ. ಈಗಲೂ ಅದಕ್ಕೆ ನನಗೆ ಪಶ್ಚಾತ್ತಾಪವಿಲ್ಲ.

"ಹಾಗಾದ್ರೆ ಯಾವ ರೊನಾಲ್ಡ್ ಅಂತ ಗೊತ್ತಾಗುದು ಹೇಗೆ?" ಎಂದು ಮಹಿಳಾ ಘಟಕದ ಪರ್ಪೆಚುವಾ ಬಾಯಿ ಕೇಳಿದರು. "ದೋಹಾದಲ್ಲಿ ರೊನಾಲ್ಡ್‌ಗಳಿಗೆ ಬರಗಾಲವಾ?"

ಅಧ್ಯಕ್ಷರು ತಲೆಯಾಡಿಸಿದರು. ಪಟ್ಟಿಯನ್ನು ಮೊಟಕುಗೊಳಿಸುವುದು ಸಮುದಾಯಕ್ಕೆ ಮಾಡುವ ಅವಮಾನ, ಹಾಗಾಗಿ ಬದಲಾಗಬೇಕಾದದ್ದು ಕುದುರೆ, ಎಂದು ಸಭೆ ಅಭಿಪ್ರಾಯಪಟ್ಟಿತು. ನಿರ್ಣಯ ಹೀಗಿತ್ತು:

"ವೇದಿಕೆಯ ಒಡೆತನದ ಕುದುರೆಯು ನಾಲ್ಕು ನಿಮಿಷಕ್ಕೆ ಕಡಿಮೆಯಿಲ್ಲದಂತೆ ಓಡತಕ್ಕದ್ದು. ಪದಾಧಿಕಾರಿಗಳ ಹೆಸರು ಬಾಕಿಯಿರುವಾಗ ಗುರಿ ಮುಟ್ಟುವುದು ಅಶಿಸ್ತೆಂದು ಪರಿಗಣಿಸಲಾಗುವುದು."

ಕಾಲು ಮೈಲಿಗೆ ನಾಲ್ಕು ನಿಮಿಷ ಎಂದರೆ ವೆಸ್ಟ್ ಬೇಯಲ್ಲಿ ನಮ್ಮವರು ಊಟ ಮುಗಿಸಿ ಆಫೀಸಿಗೆ ನಡೆದು ಹಿಂದಿರುಗುವ ವೇಗ. ಅದರಲ್ಲಿ ಅಸಾಧ್ಯವಾದದ್ದೇನೂ ಸಭೆಗೆ ಕಾಣಲಿಲ್ಲ.

ತಾರಾನಾಥರ ಕಷ್ಟ ಅವರಿಗೇ ಗೊತ್ತು. ರೂಬಿ ನಡೆದರೆ ಅವರ ಹೆಸರು ಬರುತ್ತದೆ, ಓಡಿದರೆ ಬರುವುದಿಲ್ಲ. ಓಟದ ದಿನ ಸಂಜೆ ಮೈದಾನಕ್ಕೆ ಹೋಗುವಾಗ ನಾನೂ ಅವರ ಪಿಕಪ್‌ನಲ್ಲಿದ್ದೆ.

"ಮೆಲ್ಲ ಹೋಗ್ಲಿಕ್ಕೆ ಹೇಳಿ," ಎಂದರು ಜಲಜಾಕ್ಷಿಯಕ್ಕ. "ಇಷ್ಟು ವರ್ಷ ಕಾದದ್ದು ಆ ಒಂದು ಹೆಸರಿಗೇ ಅಲ್ವಾ?"

"ಹೇಳಬಹುದು. ಆದ್ರೆ ಅವಳಿಗೆ ಎಂತ ಅನಿಸೀತು?"

"ಯಾರಿಗೆ?"

"ರೂಬಿಗೆ."

ಜಲಜಾಕ್ಷಿಯಕ್ಕ ಕ್ಯಾರೆಟ್ಟಿನ ಚೀಲದ ಗಂಟನ್ನು ಇನ್ನೊಮ್ಮೆ ಬಿಗಿದರು.

ಜಾಕಿ ಇದ್ರಿಸ್ ಸುಡಾನಿನವನು. ನಮ್ಮ ನಿರ್ಣಯದ ಅರಬ್ಬಿ ಅನುವಾದವನ್ನು ಎರಡು ಸಲ ಓದಿ, ಇದು ನಿಜವೇ ಎಂಬಂತೆ ತಾರಾನಾಥರ ಮುಖ ನೋಡಿದ. ತಾರಾನಾಥರು ರೂಬಿಯ ಕುತ್ತಿಗೆ ಸವರಿದರು. ಆಮೇಲೆ "ಇದ್ರಿಸ್, ಯಲ್ಲಾ," ಎಂದರು. ಹೊರಡು ಎಂಬುದಕ್ಕೆ ಅರಬ್ಬಿ ಮಾತು. ಅಷ್ಟೇ ಎಂದದ್ದು. ನಾನು ಅಲ್ಲೇ ನಿಂತಿದ್ದೆ.

ಗೇಟು ತೆರೆಯಿತು. "ಈ ಕುದುರೆಯ ಹೆಮ್ಮೆಯ ಮಾಲೀಕರು," ಎಂದು ಕ್ಲೈವ್ ಗಂಭೀರವಾಗಿ ಆರಂಭಿಸಿದರು. ಗೌರವಾಧ್ಯಕ್ಷರ ಹೆಸರು ಬರುವಷ್ಟರಲ್ಲಿ ರೂಬಿ ಅರ್ಧ ದಾರಿ ದಾಟಿದ್ದಳು. "ಖ್ಯಾತ ಉದ್ಯಮಿ, ಕೊಡುಗೈ ದಾನಿ, ಅಜಾತಶತ್ರು, ಶ್ರೀ ರೊ" ಎನ್ನುವಾಗ ಮೈಕ್ ಬಂದ್ ಆಯಿತು. ರೂಬಿ ಗೆದ್ದಿದ್ದಳು. ಎರಡನೆಯ ಕುದುರೆ ಎಷ್ಟು ಹಿಂದೆ ಇತ್ತೆಂದರೆ ಅದು ಬೇರೆ ಓಟದ್ದಿರಬೇಕೆಂದು ಕೆಲವರು ಭಾವಿಸಿದರು. ನಾನು ಹುಚ್ಚನ ಹಾಗೆ ಕಿರುಚಿದೆ. ಸುತ್ತ ನೋಡಿದರೆ ಸಮಿತಿಯವರೆಲ್ಲ ಸಾವಿನ ಮನೆಯಲ್ಲಿ ಕುಳಿತಂತೆ ಕುಳಿತಿದ್ದರು.

ಮರುದಿನವೇ ನೋಟಿಸು ಹೋಯಿತು: "ಅರ್ಧಕ್ಕೆ ನಿಂತ ಅಧ್ಯಕ್ಷರ ಹೆಸರಿಗೂ ಉಚ್ಚರಿಸಲ್ಪಡದ ಇತರ ಪದಾಧಿಕಾರಿಗಳಿಗೂ ಆದ ಮಾನಸಿಕ ನೋವಿಗೆ ನೀವೇಕೆ ಹೊಣೆಗಾರರಲ್ಲ?" ವಿಚಾರಣೆಯಲ್ಲಿ ತಾರಾನಾಥರು ಎದ್ದು ನಿಂತು, "ನನ್ನ ಹೆಸರೂ ಬರಲಿಲ್ಲ," ಎಂದರು. ಅದು ವಿಷಯಾಂತರವೆಂದು ಅಧ್ಯಕ್ಷರು ತಿಳಿಸಿದರು. ತಾರಾನಾಥರು ಕ್ಷಮೆ ಕೇಳಿದರು. ಕುದುರೆಯ ಪರವಾಗಿಯೂ ಕೇಳಬೇಕೆಂದು ಯುವ ಘಟಕ ಒತ್ತಾಯಿಸಿದ್ದರಿಂದ ಇನ್ನೊಮ್ಮೆ ಕೇಳಿದರು.

ಸಮಸ್ಯೆಯ ಮೂಲ ತಳಿಯಲ್ಲೇ ಇದೆ ಎಂದು ತಜ್ಞರ ಉಪಸಮಿತಿ ವರದಿ ಕೊಟ್ಟಿತು. ಇಷ್ಟು ಬೇಗ ಓಡಿ ಮುಗಿಸುವ ಪ್ರಾಣಿ ಯಾವ ಸಂಸ್ಥೆಗೂ ಹೇಳಿ ಮಾಡಿಸಿದ್ದಲ್ಲ. ಒಂಟೆಯಾದರೆ ಆರು ಕಿಲೋಮೀಟರ್ ಓಡುತ್ತದೆ. ಕತಾರಿನಲ್ಲಿ ಈಗ ಅದರ ಬೆನ್ನ ಮೇಲೆ ಜಾಕಿಯ ಬದಲು ರೋಬೋಟ್ ಕೂರಿಸುವ ಕಾನೂನಿರುವುದರಿಂದ, ಅದು ನಿರ್ಣಯಗಳನ್ನು ಓದಿ ಯಾರ ಮುಖವನ್ನೂ ನೋಡುವುದಿಲ್ಲ. ರೂಬಿಯನ್ನು ಮರುಭೂಮಿಯ ಒಂದು ಪ್ರವಾಸಿ ಬಿಡಾರಕ್ಕೆ ಕೊಟ್ಟು, ಬದಲಿಗೆ ಒಂದು ಒಂಟೆಯನ್ನು ತರಲಾಯಿತು. ರೂಬಿ ಈಗ ರಜಾದಿನಗಳಲ್ಲಿ ಮಕ್ಕಳನ್ನು ಕೂರಿಸಿಕೊಂಡು ಒಂದು ಕಂಬದ ಸುತ್ತ ನಡೆಯುತ್ತಾಳೆ. ಒಂದು ಸುತ್ತಿಗೆ ನಾಲ್ಕು ನಿಮಿಷ. ಇದನ್ನು ಹೇಳುವಾಗ ನನಗೆ ಹೊಟ್ಟೆ ಉರಿಯುತ್ತದೆ, ನಿಯಮಾವಳಿ ಏನೇ ಹೇಳಲಿ.

ಒಂಟೆ ಓಟದ ದಿನ ಕ್ಲೈವ್ ಇಡೀ ಪಟ್ಟಿಯನ್ನು ವಿಶೇಷಣಗಳ ಸಮೇತ ಓದಿದರು. ಸಮಯ ಉಳಿದದ್ದರಿಂದ ಮೊದಲಿಂದ ಇನ್ನೊಮ್ಮೆ ಓದಿದರು. ಎರಡು ಸಲವೂ ಕೊನೆಗೆ "ಮತ್ತು ಶ್ರೀ ತಾರಾನಾಥ" ಎಂದು ಮೈದಾನದ ನಾಲ್ಕೂ ದಿಕ್ಕಿಗೆ ಕೇಳಿಸಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

"ಬಂತಲ್ಲ ನಿಮ್ಮ ಹೆಸರು," ಎಂದರು ಜಲಜಾಕ್ಷಿಯಕ್ಕ.

"ಬಂತು," ಎಂದರು ತಾರಾನಾಥರು. ದೂರದ ಧೂಳನ್ನು ನೋಡುತ್ತಾ, "ಇದರಲ್ಲಿ ನಮ್ಮ ಒಂಟೆ ಯಾವುದು?" ಎಂದು ಕೇಳಿದರು.

ಅಧ್ಯಕ್ಷರು ಪ್ರಧಾನ ಕಾರ್ಯದರ್ಶಿಯನ್ನು ನೋಡಿದರು, ಅವರು ಕ್ರೀಡಾ ಘಟಕವನ್ನು ನೋಡಿದರು. ಯಾರಿಗೂ ಗೊತ್ತಿರಲಿಲ್ಲ. ಅದು ಕೊನೆಯದಾಗಿ ಬಂದಿತೆಂದು ಆಮೇಲೆ ತಿಳಿಯಿತು. ಅಷ್ಟರಲ್ಲಿ ಹಾರ ಹಾಕಿ, ಶಾಲು ಹೊದೆಸಿ, ಫೋಟೋ ತೆಗೆದಾಗಿತ್ತು.

ತಾರಾನಾಥರು ಕಣ್ಣು ಒರೆಸಿಕೊಳ್ಳುವುದನ್ನು ನಾನು ಕಂಡೆ. ಪತ್ರಿಕಾ ಹೇಳಿಕೆಯಲ್ಲಿ ಅದನ್ನು ಆನಂದಬಾಷ್ಪ ಎಂದು ಬರೆದೆ. ಅಲ್ಲವೆಂದು ನನಗೆ ಗೊತ್ತಿತ್ತು, ಆದರೂ ಬರೆದೆ. ಮುಂದಿನ ಸಭೆಯಲ್ಲಿ ಆ ಪದವನ್ನು ಸರ್ವಾನುಮತದಿಂದ ಅಂಗೀಕರಿಸಲಾಯಿತು. ವಿಶೇಷ ಆಹ್ವಾನಿತರಾಗಿ ಬಂದಿದ್ದ ತಾರಾನಾಥರೂ ಕೈ ಎತ್ತಿದರು.