ಬೀಗರ ಮೊಣಕೈ

ಹಾನಗಲ್ ಬಸ್‌ಸ್ಟ್ಯಾಂಡ್ ಹತ್ತಿರ ನನ್ನದೊಂದು ಫೋಟೋ ಸ್ಟುಡಿಯೋ. ಫೋಟೋ ತೆಗೆಯುವವನು ನಾನು, ಕತ್ತರಿಸುವುದು ಸಾಮಾಜಿಕ ಜಾಲತಾಣ, ಬೈಸಿಕೊಳ್ಳುವವನು ಮತ್ತೆ ನಾನು. ವಾರಕ್ಕೊಮ್ಮೆ ನಡೆಯುವ ಈ ಅನ್ಯಾಯದಿಂದ ಈ ಸಲ ಒಂದು ಮದುವೆಯೇ ಮುರಿಯುವುದರಲ್ಲಿತ್ತು.

ಅಗಲ

ಶಿಗ್ಗಾವಿಯಲ್ಲಿ ನಿಶ್ಚಿತಾರ್ಥ. ಗಂಡಿನ ಕಡೆಯವರು ಹಿರೇಕೆರೂರಿನವರು. ಬೀಗರ ಫೋಟೋದಲ್ಲಿ ಯಾರನ್ನು ಹಿಂದೆ ನಿಲ್ಲಿಸಿದರೂ ಅವಮಾನ. ಹಾಗಾಗಿ ಹನ್ನೊಂದು ಮಂದಿಯನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದೆ. ಎಡಗಡೆ ಮೂರನೆಯವರು ಗಂಡಿನ ಸೋದರತ್ತೆ; ತಾಯಿಯಿಲ್ಲದ ಹುಡುಗನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವರು.

ಹೆಣ್ಣಿನ ತಂದೆ ಫೋಟೋವನ್ನು ಜಾಲತಾಣಕ್ಕೆ ಹಾಕಿದರು. ಅದು ಯಾರನ್ನೂ ಕೇಳದೆ ಎರಡೂ ಕಡೆ ಕತ್ತರಿಸಿ ಚೌಕ ಮಾಡಿತು. ಪೂರ್ತಿ ಮಾಯವಾದವರು ಸುಮ್ಮನಿದ್ದರು. ಸೋದರತ್ತೆ ಮಾತ್ರ ಸ್ವಲ್ಪ ಉಳಿದಿದ್ದರು.

ಫೋನ್ ಬಂತು.

"ಫೋಟೋದವ್ರ, ನನ್ನ ಮೊಣಕೈ ಭಾಳ ಛಲೋ ಬಂದೈತ್ರಿ. ಮದುವಿಗೂ ಅದನ್ನಷ್ಟ ಕಳಸ್ತೇನಿ."

ಸಣ್ಣದು

ಅತ್ತೆ ಬರದಿದ್ದರೆ ತಾಳಿ ಕಟ್ಟುವುದಿಲ್ಲ ಎಂದು ಹುಡುಗ ಕೂತ. ಹೆಣ್ಣಿನ ತಂದೆ ನನ್ನ ಸ್ಟುಡಿಯೋದಲ್ಲಿ ಬಂದು ಕೂತರು. "ಹನ್ನೊಂದೂ ಮಂದಿ ಕಾಣಬೇಕ ನೋಡ್ರಿ. ಇಲ್ಲಾಂದ್ರ ನನ್ನ ಮಗಳ ಗತಿ ಏನು?"

ಮೇಲೆ ಕೆಳಗೆ ಬಿಳಿ ಪಟ್ಟಿ ಕೊಟ್ಟು ಚೌಕದೊಳಗೆ ಎಲ್ಲರನ್ನೂ ಕೂಡಿಸಿದೆ. ಶುಭಕಾರ್ಯಕ್ಕೆ ಬಿಳಿ ಯಾಕೆ ಎಂದರು. ಅರಿಶಿನ ಬಣ್ಣ ಹಚ್ಚಿದೆ. ಮುಖಗಳು ರವೆಯಷ್ಟಾದವು.

ಮತ್ತೆ ಫೋನ್. "ಪೂರಾ ಬಂದೇನಂತ. ಮೊಮ್ಮಗಳು ಬೆರಳಿಟ್ಟು ತೋರಿಸಿದಳು. ಬೆರಳು ತಗದ ಮ್ಯಾಲೆ ಮತ್ತ ಸಿಗವಲ್ಲೆ."

ಉದ್ದ

ಮೂರನೆಯ ಸಲ ಕ್ಯಾಮೆರಾ ಹೊತ್ತು ನಾನೇ ಹಿರೇಕೆರೂರಿನ ಬಸ್ಸು ಹತ್ತಿದೆ. ಅವರೊಬ್ಬರದೇ ಫೋಟೋ ತೆಗೆದರೆ ಕತ್ತರಿಸಲು ಅಕ್ಕಪಕ್ಕ ಯಾರೂ ಇರುವುದಿಲ್ಲ ಎಂಬುದು ನನ್ನ ಲೆಕ್ಕ.

"ಕುಂಡ್ರಿ ಅಕ್ಕಾರ, ಸೊಂಟದ ಮಟ ಸಾಕು," ಎಂದೆ.

"ಇಳಕಲ್ ಸೀರಿ ಉಟ್ಟು ಕುಂಡ್ರತಾರೇನ್ರಿ? ಅಂಚು, ಸೆರಗು ಎಲ್ಲಾ ಕಾಣಬೇಕು." ನಿಂತೇಬಿಟ್ಟರು.

ಉದ್ದನೆಯ ಫೋಟೋ ತೆಗೆದೆ. ಹೆಣ್ಣಿನ ತಂದೆ ನನ್ನನ್ನು ಕೇಳದೆ ಅದನ್ನೂ ಹಾಕಿದರು. ಈ ಸಲ ಜಾಲತಾಣ ಮೇಲೆ ಕೆಳಗೆ ಕತ್ತರಿಸಿತು. ತಲೆ ಹೋಯಿತು, ಪಾದ ಹೋಯಿತು, ನಡುವೆ ಸೀರೆ ಉಳಿಯಿತು.

ಕೆಳಗೆ ಜನ ಬರೆಯತೊಡಗಿದರು. "ರೇಟ್ ಎಷ್ಟ್ರಿ?" "ಹಸರ ಬಣ್ಣದಾಗ ಐತೇನು?" ಸವಣೂರಿನ ಜವಳಿ ಅಂಗಡಿಯವನೊಬ್ಬ ಬರೆದ: "ಸೀರಿ ಇರ್ಲಿ, ಈ ಗೊಂಬಿ ಎಲ್ಲಿ ತಂದ್ರಿ? ನಮ್ಮ ಅಂಗಡಿ ಮುಂದ ನಿಲ್ಲಸಾಕ ಒಂದು ಬೇಕಾಗಿತ್ತು."

ಸಂಬಂಧ ಹೋಯಿತು ಅಂದುಕೊಂಡೆ. ಸಂಜೆ ಫೋನ್ ಬಂತು. ಎದ್ದು ನಿಂತೇ ಎತ್ತಿದೆ.

"ಮದುವಿಗೆ ಬರ್ತೇನಿ ಅಂತ ಬೀಗರಿಗೆ ಹೇಳ್ರಿ."

ನನಗೆ ನಂಬಿಕೆಯಾಗಲಿಲ್ಲ. "ಸಿಟ್ಟು ಇಳೀತೇನ್ರಿ ಅಕ್ಕಾರ?"

"ಎಲ್ಲಿ ಸಿಟ್ಟು ಇಳಿಯೂದ್ರಿ! ನಾಕೂ ತಾಲೂಕಿನ ಮಂದಿಗೆ ನನಗೊಂದು ತಲಿ ಐತಿ ಅಂತ ಖುದ್ದ ತೋರಸಬೇಕಾಗೇತಿ. ನೀವೂ ಬರ್ರಿ, ಉಂಡ ಹೋಗ್ರಿ. ಕ್ಯಾಮೆರಾ ಮಾತ್ರ ಹಾನಗಲ್ಲಿನ್ಯಾಗ ಇರ್ಲಿ."