ಏಳಡಿ ಹುಡುಗನನ್ನು ಅತ್ತೆ ನೋಡಿದ್ದು

ಊರಲ್ಲಿ ಯಾರ ಹತ್ತಿರವೂ ಇಲ್ಲದ ಸಾಮಾನು ನಿಮ್ಮ ಮನೆಯಲ್ಲಿದ್ದರೆ, ನಿಮಗೆ ಸಂಬಂಧವೇ ಇಲ್ಲದ ತಾಪತ್ರಯಗಳು ಬಾಗಿಲು ತಟ್ಟಿಕೊಂಡು ಬರುತ್ತಲೇ ಇರುತ್ತವೆ. ನಮ್ಮ ಮನೆಯಲ್ಲಿ ಅಂಥದ್ದೊಂದು ವಿಸಿಆರ್ ಇತ್ತು.

೧. ಮದುವೆ ಕ್ಯಾಸೆಟ್ಟಿನ ಯಂತ್ರ

ತೊಂಬತ್ತರ ದಶಕದಲ್ಲಿ ರಾಕ್‌ವಿಲ್‌ಗೆ ಬಂದ ನಮ್ಮವರೆಲ್ಲರಿಗೂ ಒಂದೇ ಸಂಕಟ. ಊರಿಂದ ತಂದ ಮದುವೆ ಕ್ಯಾಸೆಟ್ಟನ್ನು ಅಮೆರಿಕದ ವಿಸಿಆರ್‌ಗೆ ಹಾಕಿದರೆ ಗಂಡೂ ಇಲ್ಲ, ಹೆಣ್ಣೂ ಇಲ್ಲ, ಬರೀ ಗೆರೆ. ನಮ್ಮನೆಯವರು ಎಲ್ಲ ದೇಶದ ಕ್ಯಾಸೆಟ್ಟೂ ಓಡುವ ಯಂತ್ರವೊಂದನ್ನು ಎಲ್ಲಿಂದಲೋ ಹುಡುಕಿ ತಂದಿದ್ದರು.

ಒಂದು ಶನಿವಾರ ಪಕ್ಕದ ಅಪಾರ್ಟ್‌ಮೆಂಟಿನ ಅಂಕಲ್ ಒಂದು ಚೀಲ ಕ್ಯಾಸೆಟ್ಟು ಹಿಡಿದು ಬಂದರು. ಅಮೆರಿಕದವರೇ, ಅರವತ್ತು ದಾಟಿದವರು. ಒಂದು ವೃತ್ತಿಪರ ಬ್ಯಾಸ್ಕೆಟ್‌ಬಾಲ್ ತಂಡದ ಸ್ಕೌಟ್. ಎಳೆಯ ಆಟಗಾರರನ್ನು ನೋಡಿ, ಯಾರನ್ನು ತೆಗೆದುಕೊಳ್ಳಬಹುದು ಅಂತ ತಂಡಕ್ಕೆ ಹೇಳುವುದು ಅವರ ಕೆಲಸ. ಯೂರೋಪಿನ ಹತ್ತೊಂಬತ್ತು ವರ್ಷದ, ಏಳಡಿ ಹುಡುಗನೊಬ್ಬನ ಆಟದ ಕ್ಯಾಸೆಟ್ಟುಗಳು ಬಂದಿದ್ದವು. ಅವರ ಆಫೀಸಿನ ಯಂತ್ರದಲ್ಲಿ ಬರೀ ಗೆರೆ.

"ಹೋದ ಸಲ ನಾನು ಆರಿಸಿದ ದೈತ್ಯ ಓಡೋದಕ್ಕೇ ಆಗದೆ ಮನೆಗೆ ಹೋದ. ಈ ಸಲವೂ ತಪ್ಪಿದ್ರೆ ಬಾಸ್ ನನ್ನನ್ನೇ ಮನೆಗೆ ಕಳಿಸ್ತಾನೆ," ಅಂದರು. ನನಗೆ ಪಾಪ ಅನ್ನಿಸಿತು.

ಅಷ್ಟರಲ್ಲಿ ಒಳಗಿಂದ ಅತ್ತೆ ಬಂದರು. ಆರು ತಿಂಗಳಿಗೆಂದು ಮೈಸೂರಿಂದ ಬಂದಿದ್ದ ಅವರು ಹೈಸ್ಕೂಲ್ ಮೇಡಂ ಆಗಿ ರಿಟೈರ್ ಆದವರು. ಇಂಗ್ಲಿಷಿಗೂ ಹೆದರರು, ಇಂಗ್ಲಿಷಿನವರಿಗೂ ಹೆದರರು. ವಿಷಯ ಕೇಳಿ ಅಂಕಲ್‌ಗೆ ಬುದ್ಧಿ ಹೇಳಿದರು:

"ಬರೀ ವಿಡಿಯೋ ನೋಡಿ ಒಪ್ಕೋಬೇಡಿ. ನಾವು ಫೋಟೋ ನೋಡಿ ಇವಳನ್ನ ಒಪ್ಕೊಂಡ್ವಿ."

೨. ಪಲ್ಯ ಬಾರದ ಹುಡುಗ

ಆ ವಾರವೆಲ್ಲ ಸಂಜೆ ಐದಕ್ಕೆ ಅಂಕಲ್ ಹಾಜರ್. ಸೋಫಾದ ಇನ್ನೊಂದು ತುದಿಯಲ್ಲಿ ಹುರುಳಿಕಾಯಿ ಬಿಡಿಸುತ್ತಾ ಅತ್ತೆ. ಟೀವಿಯಲ್ಲಿ ಹುಡುಗ ಬುಟ್ಟಿಯ ಪಕ್ಕ ಕೈಯೆತ್ತಿ ನಿಂತೇ ಇದ್ದ.

"ಇಡೀ ಆಟಕ್ಕೆ ನಾಲ್ಕೇ ಪಾಯಿಂಟ್. ಇವನಲ್ಲಿ ಏನೂ ಇಲ್ಲ," ಅಂತ ಅಂಕಲ್ ನೋಟ್‌ಬುಕ್ ಮುಚ್ಚಲು ಹೊರಟರು.

"ಅವನಿಗೆ ಚೆಂಡು ಕೊಟ್ಟೋರು ಯಾರು?" ಅಂದರು ಅತ್ತೆ. "ನಮ್ಮ ಊಟದ ಪಂಕ್ತೀಲಿ ಕೊನೇ ಎಲೆಗೆ ಪಲ್ಯ ಬರೋದೇ ಇಲ್ಲ. ಬಡಿಸೋರು ಗುರುತಿನವರಿಗೇ ಎರಡೆರಡು ಸಲ ಹಾಕ್ತಾರೆ. ಹಾಗಂತ ಕೊನೇಲಿ ಕೂತವನಿಗೆ ಹಸಿವಿಲ್ಲ ಅಂತೀರಾ?"

ಅಂಕಲ್ ಕ್ಯಾಸೆಟ್ಟನ್ನು ಹಿಂದಕ್ಕೆ ಓಡಿಸಿ ನೋಡಿದರು. ಅತ್ತೆ ಹೇಳಿದ್ದು ನಿಜ. ಅವನ ತಂಡದ ದೊಡ್ಡವರೆಲ್ಲ ತಮ್ಮತಮ್ಮಲ್ಲೇ ಚೆಂಡು ಆಡಿಸುತ್ತಿದ್ದರು. ಹುಡುಗನಿಗೆ ಸಿಕ್ಕಿದ್ದೇ ಎರಡು ಸಲ, ಎರಡೂ ಸಲ ಬುಟ್ಟಿಗೆ ಹಾಕಿದ್ದ.

ಅಂಕಲ್ ಪುಟ ತಿರುಗಿಸಿ ದಪ್ಪ ಅಕ್ಷರದಲ್ಲಿ ಬರೆದುಕೊಂಡರು: "ಹುಡುಗನಿಗೆ ಪಲ್ಯ ಬರುತ್ತಿಲ್ಲ."

೩. ಸಾರಿನ ಬಕೆಟ್ಟು

ಇನ್ನೊಂದು ಸಂಜೆ ನಾನು ಕೆಲಸ ಮುಗಿಸಿ ಬಂದರೆ ಟೀವಿಯಲ್ಲಿ ನನ್ನದೇ ಮದುವೆ. ಕ್ಯಾಸೆಟ್ಟು ಅದಲುಬದಲಾಯಿತು ಅಂತ ಅತ್ತೆ ಇವತ್ತಿಗೂ ಹೇಳುತ್ತಾರೆ. ನಾನು ಇವತ್ತಿಗೂ ನಂಬಿಲ್ಲ. ಅಂಕಲ್ ಮುಂದಕ್ಕೆ ಬಗ್ಗಿ, ಪೆನ್ಸಿಲ್ ಹಿಡಿದು, ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ನನಗೆ ನಾಚಿಕೆಯೂ ಆಯಿತು, ಸ್ವಲ್ಪ ಖುಷಿಯೂ ಆಯಿತು.

"ಈ ಆಟಗಾರ ಯಾರು?" ಅಂದರು. ನೋಡಿದರೆ, ಊಟದ ಮನೆಯಲ್ಲಿ ಸಾರಿನ ಬಕೆಟ್ಟು ಹಿಡಿದಿದ್ದ ಅಡುಗೆ ಭಟ್ಟರು.

"ನೋಡಿ, ಮಂಡಿ ಬಗ್ಗಿದೆ, ಬೆನ್ನು ನೆಟ್ಟಗಿದೆ. ಮಗು ಅಡ್ಡ ಬಂತು, ಪಕ್ಕಕ್ಕೆ ತಿರುಗಿದ, ಒಂದು ತೊಟ್ಟೂ ಚೆಲ್ಲಲಿಲ್ಲ! ನಮ್ಮ ದೈತ್ಯರಿಗೆ ವರ್ಷಗಟ್ಟಲೆ ಹೇಳ್ಕೊಟ್ರೂ ಇದು ಬರಲ್ಲ. ಎತ್ತರ ಎಷ್ಟು?"

"ಐದಡಿ ಎರಡಿಂಚು," ಅಂದರು ಅತ್ತೆ. "ವಯಸ್ಸು ಐವತ್ತೆರಡು."

ಅಂಕಲ್ ನಿಟ್ಟುಸಿರು ಬಿಟ್ಟು, ಬರೆದದ್ದನ್ನು ಹೊಡೆದುಹಾಕಿದರು. ನಾನು ತಡೆಯಲಾರದೆ ಕೇಳಿದೆ: "ಮದುವೆ ಹೆಣ್ಣು ಹೇಗೆ ಕಾಣ್ತಾಳೆ, ಅಂಕಲ್?"

"ಯಾವ ಹೆಣ್ಣು?"

೪. ಅತ್ತೆ ಆಕಳಿಸಲಿಲ್ಲ

ಕೊನೆಗೆ ಹುಡುಗನೇ ಅಮೆರಿಕಕ್ಕೆ ಬಂದ. ನಾರ್ತ್ ಕ್ಯಾರೊಲೈನಾದ ಒಂದು ಜಿಮ್ಮಿನಲ್ಲಿ ಎಲ್ಲ ತಂಡದವರ ಮುಂದೆ ಆಡಿ ತೋರಿಸಬೇಕಿತ್ತು. ನಾನೂ ಅತ್ತೆಯೂ ಅದೇ ವಾರ ಅಟ್ಲಾಂಟಾ ಹತ್ತಿರದ ಲಾರೆನ್ಸ್‌ವಿಲ್‌ಗೆ ನಾದಿನಿಯ ಗೃಹಪ್ರವೇಶಕ್ಕೆ ಹೊರಟಿದ್ದೆವು. ಹೇಗೂ ದಾರಿಯಲ್ಲೇ ಇದೆ ಅಂತ ಅಂಕಲ್‌ರನ್ನು ಕಾರಿನಲ್ಲಿ ಕೂರಿಸಿಕೊಂಡೆವು.

"ತಂಡಗಳು ಸರದಿ ಪ್ರಕಾರ ಹುಡುಗರನ್ನ ಆರಿಸ್ತವೆ," ಅಂತ ಅಂಕಲ್ ಎಚ್ಚರಿಸಿದರು. "ನಮ್ಮ ಸರದಿ ತೀರಾ ಹಿಂದೆ. ಇವನು ಚೆನ್ನಾಗಿದ್ದಾನೆ ಅಂತ ನಮಗಿಂತ ಮುಂದಿರೋರಿಗೆ ಗೊತ್ತಾದ್ರೆ ಅವರೇ ಎತ್ಕೊಂಡು ಹೋಗ್ತಾರೆ. ಹುಡುಗ ಏನೇ ಮಾಡಿದ್ರೂ ಖುಷಿ ತೋರಿಸ್ಬೇಡಿ. ಆಕಳಿಸಿ."

"ನಂಗೇನು ಹೇಳ್ಕೊಡ್ತೀರಿ? ಸೀರೆ ಅಂಗಡೀಲಿ ಇಷ್ಟವಾದ ಸೀರೆ ಕಡೆ ನಾನು ತಿರುಗಿಯೂ ನೋಡಲ್ಲ," ಅಂದರು ಅತ್ತೆ.

ಜಿಮ್ಮಿನಲ್ಲಿ ಮೂವತ್ತು ಜನ ಗಂಡಸರು ಸಾಲಾಗಿ ಕೂತು ಆಕಳಿಸುತ್ತಿದ್ದರು. ಒಬ್ಬರು ಪೇಪರ್ ಓದುತ್ತಿದ್ದರು, ಒಬ್ಬರು ಉಗುರು ಕತ್ತರಿಸಿಕೊಳ್ಳುತ್ತಿದ್ದರು. ಅಂಕಲ್ ಪಕ್ಕದಲ್ಲಿ ಬಾಸ್ ಬೇರೆ. ಹುಡುಗ ಸೊಗಸಾಗಿ ಒಂದು ಬುಟ್ಟಿ ಹಾಕಿ ನಮ್ಮ ಕಡೆ ನೋಡಿದ, ಮೂವತ್ತು ಆಕಳಿಕೆ. ಇನ್ನೊಂದು ಹಾಕಿ ನೋಡಿದ, ಅದೇ. ಪಾಪ, ಅವನ ಭುಜ ಇಳಿಯಿತು. ಆಮೇಲೆ ಹಾಕಿದ್ದೆಲ್ಲ ತಪ್ಪತೊಡಗಿತು. ಅಪ್ಪ ಅಮ್ಮ ದೂರದಲ್ಲಿ, ಭಾಷೆ ಬರದ ದೇಶ. ನನಗೇ ಕಣ್ಣು ತುಂಬಿಬಂತು. ಬಾಸ್ ಮುಖ ಗಂಟಾಯಿತು, ಅಂಕಲ್ ಮುಖ ಬಿಳಿಚಿತು.

ಅತ್ತೆ ರೇಷ್ಮೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಎದ್ದರು. "ಭಲೇ ಮಗನೇ! ವೆರಿ ಗುಡ್! ಇನ್ನೊಂದು ಹಾಕು!" ಅಂತ ಜಿಮ್ಮು ಹಾರಿಹೋಗುವ ಹಾಗೆ ಕೂಗಿ ಚಪ್ಪಾಳೆ ತಟ್ಟಿದರು. ಹುಡುಗ ಬೆಚ್ಚಿ ತಿರುಗಿದ, ನಕ್ಕ. ಆಮೇಲೆ ಒಂದೂ ತಪ್ಪಲಿಲ್ಲ. ಪ್ರತಿ ಬುಟ್ಟಿಗೂ ಅತ್ತೆ ಎದ್ದರು, ಕೂಗಿದರು.

ಅಂಕಲ್ ತಲೆ ಮೇಲೆ ಕೈ ಹೊತ್ತರು. "ಮುಗೀತು. ಎಲ್ಲರಿಗೂ ಗೊತ್ತಾಗೋಯ್ತು."

ಆಯ್ಕೆಯ ದಿನ ಒಂದೊಂದೇ ತಂಡ ಬೇರೆಬೇರೆ ಹುಡುಗರನ್ನು ಆರಿಸುತ್ತಾ ಹೋಯಿತು. ಅಂಕಲ್ ತಂಡದ ಸರದಿ ಬಂದಾಗ ನಮ್ಮ ಏಳಡಿ ಹುಡುಗ ಇನ್ನೂ ಹಾಗೇ ಉಳಿದಿದ್ದ! ಅವನೂ ಸಿಕ್ಕ, ಅಂಕಲ್ ಕೆಲಸವೂ ಉಳಿಯಿತು. ಕಾರಣವನ್ನು ಆಮೇಲೆ ಬೇರೆ ತಂಡದ ಸ್ಕೌಟ್ ಒಬ್ಬರು ಅಂಕಲ್‌ಗೆ ಹೇಳಿದರಂತೆ: "ಬೇಕಾದ ಹುಡುಗನನ್ನ ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೊಗಳಲ್ಲ. ನಿಮ್ಮ ಕಡೆಯ ಆ ಸೀರೆಯ ಹೆಂಗಸು ಅಷ್ಟು ಹೊಗಳಿದ್ರು. ಏನೋ ಐಬಿದೆ, ನಮ್ಮ ತಲೆಗೆ ಕಟ್ಟೋಕೆ ನೋಡ್ತಿದ್ದಾರೆ ಅಂತ ಎಲ್ಲರೂ ಕೈಬಿಟ್ವಿ."

ಎರಡು ದಿನ ಬಿಟ್ಟು ಬಾಸೇ ಅತ್ತೆಗೆ ಫೋನ್ ಮಾಡಿದರು. ಮುಂದಿನ ವರ್ಷವೂ ಬಂದು, ನಮಗೆ ಬೇಕಾದ ಹುಡುಗನನ್ನು ಹೀಗೇ ಸುಳ್ಳುಸುಳ್ಳೇ ಹೊಗಳುತ್ತೀರಾ ಅಂತ ಬೇಡಿಕೊಂಡರು.

"ಅದಾಗಲ್ಲಪ್ಪ, ನಂಗೆ ಸುಳ್ಳು ಬರಲ್ಲ," ಅಂದರು ಅತ್ತೆ. "ಅಲ್ಲಿ ಆಕಳಿಸ್ತಾ ಕೂತಿದ್ರಲ್ಲ ಮೂವತ್ತು ಜನ, ಅವರನ್ನ ಕೇಳಿ ನೋಡಿ."