ಬೆಳ್ಳಕ್ಕಿಯ ಕೊರಳಲ್ಲಿ ನಿಮ್ಮಪ್ಪನ ಮದುವೆ

ಚಿನ್ಮಯಿ, ಗಗನ್, ನಿಮ್ಮ ಅಜ್ಜಿಯ ನಾಚಿಕೆ ಎಂಥದ್ದೆಂದು ನಿಮಗೆ ಪೂರ್ತಿ ಗೊತ್ತಿಲ್ಲ. ಬಸ್ಸಿನಲ್ಲಿ "ಇಳೀತೀನಿ" ಎಂದು ಕಂಡಕ್ಟರಿಗೆ ಹೇಳಲಾಗದೆ ಮುಂದಿನ ಸ್ಟಾಪಿನವರೆಗೂ ಹೋಗಿ, ಬಿಸಿಲಲ್ಲಿ ಹಿಂದಕ್ಕೆ ನಡೆದು ಬಂದವಳು ನಾನು. ಹಳ್ಳಿಯ ಶಾಲೆಯಲ್ಲಿ ಮೇಷ್ಟ್ರು ಹೆಸರು ಕೂಗಿದಾಗ "ಹಾಜರ್ ಸಾರ್" ಎನ್ನಲು ಬಾಯಿ ಬಾರದೆ, ಅವರ ಎದುರಿಗೇ ಕೂತು ಎಷ್ಟೋ ದಿನ ಗೈರುಹಾಜರಾಗಿದ್ದೇನೆ. ಮದುವೆಯಾದ ಮೇಲೆ ನಿಮ್ಮ ಅಜ್ಜ ನನ್ನ ಪಾಲಿನ ಮಾತನ್ನೂ ತಾವೇ ಆಡುತ್ತಿದ್ದರು. ಅವರು ಹೋದ ಮೇಲೆ ನನ್ನ ಪಾಲಿನದು ಹಾಗೇ ಉಳಿದುಕೊಂಡಿದೆ. ನಾಚಿಕೆಯಿಂದ ಬೇರೆಯವರಿಗೇನೂ ತೊಂದರೆಯಿಲ್ಲ ಎಂದುಕೊಂಡಿದ್ದೆ. ಅದು ಸುಳ್ಳೆಂದು ಗೊತ್ತಾದ ಬಗೆಯನ್ನು ನಿಮ್ಮ ಮುಂದೆ ಬಾಯಿಬಿಟ್ಟು ಹೇಳಲಾರೆ, ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮಪ್ಪನ ಮದುವೆಯಲ್ಲಿ ತಾಂಬೂಲ ಕೊಡಲೆಂದು ನಿಮ್ಮ ಅಜ್ಜ ಪ್ಲಾಸ್ಟಿಕ್ ಚೀಲಗಳನ್ನು ಅಚ್ಚು ಹಾಕಿಸಿದ್ದರು. ಹಳದಿ ಚೀಲ, ಕೆಂಪು ಅಕ್ಷರ: "ಮಂಜುನಾಥ – ಸವಿತಾ. ನಿಮ್ಮ ಆಗಮನಕ್ಕೆ ಧನ್ಯವಾದಗಳು." ಅವರಿಗೆ ನೆಂಟರ ಮೇಲೆ ಬಹಳ ನಂಬಿಕೆ. ಬಂದ ಜನಕ್ಕಿಂತ ಚೀಲಗಳೇ ಹೆಚ್ಚಾಗಿ, ಒಂದು ಮೂಟೆ ನಮ್ಮ ನಿಟ್ಟುವಳ್ಳಿ ಮನೆಯ ಅಟ್ಟ ಸೇರಿತು. ನಾನೋ, ಹಾಲಿನ ಕವರನ್ನೂ ತೊಳೆದು ಒಣಗಿಸುವವಳು. ಬಳಸದೆ ಬಿಟ್ಟೇನೆ? ದೇವರಿಗೆ ಏರಿಸಿದ ಹೂವನ್ನು ಕಸದ ಗಾಡಿಗೆ ಹಾಕಲು ಮನಸ್ಸು ಒಪ್ಪದು. ಒಣಗಿದ ಹೂವನ್ನೆಲ್ಲ ಈ ಚೀಲಕ್ಕೆ ತುಂಬಿ, ಅಮಾವಾಸ್ಯೆಗೊಮ್ಮೆ ಹರಿಹರದ ಬಸ್ಸು ಹತ್ತಿ, ತುಂಗಭದ್ರೆಗೆ ಬಿಟ್ಟು ಬರುತ್ತಿದ್ದೆ. ಹೂವಷ್ಟನ್ನೇ ಸುರಿದು ಚೀಲವನ್ನು ವಾಪಸು ತರಬಹುದಿತ್ತು. ಆದರೆ ಚೀಲ ಕೊಡವುತ್ತಾ ನಿಂತರೆ ಮೆಟ್ಟಿಲ ಮೇಲಿನ ಜನ ನೋಡುತ್ತಾರಲ್ಲ! ಚೀಲದ ಸಮೇತ ಎಸೆದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕೆಲಸ ಮುಗಿಯುತ್ತದೆ. ನನ್ನ ಭಕ್ತಿ ಹೀಗೆ ವರ್ಷಗಟ್ಟಲೆ ಹೊಳೆಯಲ್ಲಿ ತೇಲಿತು.

ಹೋದ ವರ್ಷ ಒಂದು ಅಮಾವಾಸ್ಯೆಯ ಬೆಳಿಗ್ಗೆ ಚೀಲ ಹಿಡಿದು ಮೆಟ್ಟಿಲಿಳಿಯುತ್ತಿದ್ದೆ. ದಡದ ಕೆಸರಿನಲ್ಲಿ ಒಂದು ಬೆಳ್ಳಕ್ಕಿ ಒದ್ದಾಡುತ್ತಿತ್ತು. ತೇಲಿಬಂದ ಹಳದಿ ಚೀಲವೊಂದರ ಹಿಡಿಕೆಯ ತೂತಿನೊಳಗೆ ಕತ್ತು ತೂರಿಸಿಕೊಂಡಿದೆ, ಚೀಲದ ತುಂಬ ನೀರು. ಹಾರಲು ನೋಡುತ್ತದೆ, ಭಾರಕ್ಕೆ ಮುಗ್ಗರಿಸುತ್ತದೆ. ಬಿಳಿ ಮೈ, ಕೊರಳಲ್ಲಿ ಹಳದಿ ಕೆಂಪು. ಹಸೆಮಣೆಯಿಂದ ಎದ್ದು ಓಡಿಬಂದ ಮದುಮಗಳ ಹಾಗೆ ಕಾಣುತ್ತಿತ್ತು. ಅಲ್ಲಿ ಮೀನು ಹಿಡಿಯುವ ಹನುಮಂತಪ್ಪ ಎಂಬಾತ ಬಲೆ ಬಿಟ್ಟು ಬಂದು ಅದನ್ನು ಅದುಮಿ ಹಿಡಿದ. ಚೀಲದ ಮೇಲಿನ ಅಕ್ಷರವನ್ನು ಊರಿಗೆಲ್ಲ ಕೇಳುವ ಹಾಗೆ ಓದಿದ.

"ಮಂಜುನಾಥ – ಸವಿತಾ. ನಿಮ್ಮ ಆಗಮನಕ್ಕೆ ಧನ್ಯವಾದಗಳು. ಥೂ ಇವರ! ಯಾವ ಪುಣ್ಯಾತ್ಮರ್ರೀ ಇವ್ರು? ನನ್ ಬಲಿಗೆ ಮೀನಿಗಿಂತ ಇವರ ಧನ್ಯವಾದಾನೇ ಜಾಸ್ತಿ ಬೀಳ್ತೈತಿ. ಮೊನ್ನೆ ಒಂದು ಆಕಳ ಇಂಥದ್ದೇ ತಿಂದು, ಹೊಟ್ಟಿ ಉಬ್ಬಿ ಸತ್ತೋತು."

ನಾನು ಕೈಯಲ್ಲಿದ್ದ ಚೀಲವನ್ನು ಮೆಲ್ಲಗೆ ಸೆರಗಿನೊಳಗೆ ಸೇರಿಸಿದೆ. ಅಷ್ಟಕ್ಕೇ ಸುಮ್ಮನಿರಬಹುದಿತ್ತು. ಎಂದೂ ಅಪರಿಚಿತರ ಜೊತೆ ಮಾತಾಡದ ನಾನು ಆವತ್ತು, "ಎಂಥೆಂಥ ಜನ ಇರ್ತಾರಪ್ಪಾ!" ಎಂದುಬಿಟ್ಟೆ.

"ಅಲ್ಲೇನ್ರಿ ಮತ್ತೆ! ಅಜ್ಜಿ, ಬರ್ರಿ ಇಲ್ಲಿ. ರೆಕ್ಕಿ ಹಿಡ್ಕಳ್ರಿ, ಚೀಲ ಕೊಯ್ತೀನಿ."

ಒಂದು ಕೈ ಚಾಚಿದೆ.

"ಎರಡೂ ಕೈ ಬೇಕ್ರಿ! ಸೆರಗಿನಾಗೆ ಏನೈತಿ?"

"ಎಲೆ ಅಡಿಕೆ."

"ಎಲೆ ಅಡಿಕೆ ಆಮ್ಯಾಲೆ ತಿನ್ನೀರಂತೆ. ಜೀವ ಹೋಗ್ತೈತಿ ಅದರದ್ದು!"

ಹಕ್ಕಿಯ ಕತ್ತು ಒಂದು ಕಡೆಗೆ ವಾಲಿತ್ತು. ಕೊಕ್ಕು ತೆರೆದಿತ್ತು, ಸದ್ದು ಬರುತ್ತಿರಲಿಲ್ಲ. ಎದುರಿಗೇ ಇದ್ದೂ ದನಿ ಹೊರಡದ ಆ ಪಾಡು ನನಗೆ ಚೆನ್ನಾಗಿ ಗೊತ್ತು. ಎರಡೂ ಕೈ ಚಾಚಿದೆ. ಚೀಲ ಸೆರಗಿನಿಂದ ಜಾರಿ ಅವನ ಕಾಲ ಬಳಿಯೇ ಬಿತ್ತು, ಅದೂ ಅಕ್ಷರ ಮೇಲಾಗಿ.

ಹನುಮಂತಪ್ಪ ಅದನ್ನು ನೋಡಿದ. ಹಕ್ಕಿಯ ಕೊರಳನ್ನು ನೋಡಿದ. ನನ್ನನ್ನು ನೋಡಿದ. ಹಿಡಿಕೆ ಕೊಯ್ದ. ಕೈಯೊಳಗೆ ಬೆಳ್ಳಕ್ಕಿಯ ಎದೆ ಡವಡವ ಅನ್ನುತ್ತಿತ್ತೋ, ನನ್ನದೇ ಎದೆಯೋ, ಈಗಲೂ ಹೇಳಲಾರೆ. ಬಿಟ್ಟಾಗ ಅದು ನಾಲ್ಕು ಹೆಜ್ಜೆ ತೂರಾಡಿ, ನಿಂತು, ಮೈ ಕೊಡವಿ ಆಚೆ ದಡಕ್ಕೆ ಹಾರಿತು. ಆಮೇಲೆ ಅವನು ಕೇಳಿದ:

"ಮಂಜುನಾಥ ನಿಮಗೇನಾಗಬೇಕ್ರಿ?"

"ಮಗ."

"ಆರಾಮದಾನಾ?"

"ಹ್ಞೂಂ. ಎರಡು ಮಕ್ಕಳು."

"ಚಲೋ ಆತು. ಚೀಲ ಇನ್ನೆಷ್ಟದಾವೆ?"

"ಅರ್ಧ ಮೂಟೆ."

ಅವನು ಮೆಟ್ಟಿಲ ಮೇಲೆ ಕೂತು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕ. ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು.

ಅಂದಿನಿಂದ ದೇವರ ಹೂವು ನಮ್ಮ ಹಿತ್ತಿಲ ಕರಿಬೇವಿನ ಬುಡ ಸೇರುತ್ತಿದೆ. ಆದರೂ ಅಮಾವಾಸ್ಯೆಗೆ ಹರಿಹರಕ್ಕೆ ಹೋಗುವುದು ತಪ್ಪಿಲ್ಲ. ಸೀರೆ ಎತ್ತಿ ಕಟ್ಟಿ, ದಡದುದ್ದಕ್ಕೂ ಕೋಲಿನಿಂದ ಚೀಲಗಳನ್ನು ಎಳೆದು ತೆಗೆಯುತ್ತೇನೆ. ಬಲೆಗೆ ಸಿಕ್ಕಿದ್ದನ್ನು ಹನುಮಂತಪ್ಪ ಎತ್ತಿಟ್ಟಿರುತ್ತಾನೆ. "ತಗಳ್ರಿ ಅಜ್ಜಿ, ನಿಮ್ಮ ಮಗನ ಮದುವಿ ಇನ್ನೂ ಮುಗಿದಿಲ್ಲ" ಎಂದು ಮೆಟ್ಟಿಲ ಮೇಲಿನವರಿಗೆಲ್ಲ ಕೇಳುವಂತೆ ಕೂಗುತ್ತಾನೆ. ನಿಮ್ಮಪ್ಪನೋ, "ಅಮ್ಮನಿಗೆ ಈ ವಯಸ್ಸಲ್ಲಿ ಎಂಥ ಪರಿಸರ ಕಾಳಜಿ!" ಎಂದು ಕಂಡಕಂಡವರ ಮುಂದೆ ಹೊಗಳುತ್ತಾನೆ. ಬೀದಿಯವರು ಶಾಲು ಹೊದಿಸಲು ಬಂದಾಗ ಬಚ್ಚಲುಮನೆಯಲ್ಲಿ ಅಡಗಿ ಕೂತಿದ್ದೆ. ನಾಚಿಕೆ ಎಂದುಕೊಂಡರು.

ಇಲ್ಲಿಯವರೆಗೆ ಸಿಕ್ಕಿದ್ದು ಹತ್ತೊಂಬತ್ತು. ಎಸೆದದ್ದು ಎಷ್ಟೆಂದು ಆ ಹೊಳೆಗೇ ಗೊತ್ತು. ಈ ಹಾಳೆಗಳನ್ನು ನಿಮ್ಮಪ್ಪನ ಕೈಗೆ ಸಿಗದ ಹಾಗೆ ಜೋಪಾನವಾಗಿಡಿ. ನಾನು ಹೋದ ಮೇಲೂ ಎಂದಾದರೂ ಆ ದಡದಲ್ಲಿ ನಿಮ್ಮಪ್ಪ ಅಮ್ಮನ ಹೆಸರು ತೇಲುತ್ತಿದ್ದರೆ ಎತ್ತಿಕೊಂಡು ಬನ್ನಿ. ಯಾರದೆಂದು ಕೇಳಿದರೆ, ಅಜ್ಜಿಯದು ಎಂದು ಈ ಹಾಳೆ ತೋರಿಸಿ ಗಟ್ಟಿಯಾಗಿ ಹೇಳಿ. ಆಗ ನಾಚಿಕೊಳ್ಳಲು ನಾನಿರುವುದಿಲ್ಲ.